ಬೈಪಾಸ್ ಗೆರೆ ಕೆರೆ ಕೆಳಗಿನ ಗದ್ದೆ ಮೇಲೆ ಬಿದ್ದಿದೆ. ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಕೆರೆಕೆಳಗಿನವ

ನಮ್ಮ ತಾಲ್ಲೂಕು ಪೇಟೆಗೆ ರಾಷ್ಟ್ರೀಯ ಹೆದ್ದಾರಿ ಬೈಪಾಸ್ ಬರುತ್ತೆ ಅಂತ ವರ್ಷಗಳಿಂದ ಮಾತಿತ್ತು. ಈಗ ಪೇಪರಿನಲ್ಲಿ ಪ್ರಕಟಣೆ ಬಂದೇಬಿಟ್ಟಿದೆ. ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಉದ್ದನೆ ಪಟ್ಟಿ. ಸರ್ವೆ ನಂಬರ್, ಹಿಸ್ಸಾ (ಅದರೊಳಗಿನ ಪಾಲು), ತರಿಯೋ (ನೀರಾವರಿ) ಖುಷ್ಕಿಯೋ (ಮಳೆ ನಂಬಿದ್ದು), ಯಾರ ಹೆಸರು, ಎಷ್ಟು ಹೆಕ್ಟೇರ್. ನಮ್ಮ ಸರ್ವೆ ನಂಬರಿನ ಮುಂದೆ 0.2428 ಅಂತಿದೆ. ಊರಲ್ಲಿ ಅರ್ಧ ಜನ ಅದನ್ನು ಓದಿ, ಕಾಲು ಎಕರೆಗೂ ಕಮ್ಮಿ ಹೋಗುತ್ತೆ ಅಂದುಕೊಂಡು ಸುಮ್ಮನಾಗಿದ್ದರು. ಲೆಕ್ಕ ಹಾಕಿದರೆ 24 ಗುಂಟೆ.

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಪೇಟೆಯೊಳಗೆ ಲಾರಿ ಕಾಟ ಎಷ್ಟು ಅಂತ ಎಲ್ಲರಿಗೂ ಗೊತ್ತು. ನನ್ನ ತಕರಾರು ಗೆರೆಯ ಬಗ್ಗೆ, ಅಂದರೆ ರಸ್ತೆ ಹಾದುಹೋಗುವ ಜಾಗದ ಬಗ್ಗೆ. ಕೆರೆಯ ಅಚ್ಚುಕಟ್ಟನ್ನು, ಅಂದರೆ ಕೆರೆ ನೀರು ಉಣ್ಣುವ ಜಮೀನನ್ನು, ಅದು ಓರೆಯಾಗಿ ಸೀಳಿಕೊಂಡು ಹೋಗುತ್ತೆ. ತೂಬಿನಿಂದ ಹೊರಟ ಕಾಲುವೆ ಒಂದು ಕಡೆ, ಅದರ ನೀರು ಕುಡಿಯುವ ಗದ್ದೆ ಇನ್ನೊಂದು ಕಡೆ. ಮಧ್ಯೆ ಆಳೆತ್ತರ ಮೀರಿದ ಮಣ್ಣಿನ ಏರಿ. ಕೆರೆ ತುಂಬಿದಾಗ ಹೊರಗೆ ಹರಿಯುವ ಕೋಡಿ ಹಳ್ಳವನ್ನೂ ಅಲ್ಲೇ ದಾಟುತ್ತೆ. ಪೂರ್ವಕ್ಕೆ ಒಂದು ದಿಣ್ಣೆ ಇದೆ, ಬಹುಪಾಲು ಖುಷ್ಕಿ. ಆ ಕಡೆ ಸರಿಸಬಹುದಲ್ವಾ ಅನ್ನೋದು ನಮ್ಮ ಪ್ರಶ್ನೆ.

ಊರಲ್ಲಿ ಸಭೆ ಮಾಡಿದೆವು. ಮೂರು ಗುಂಪಾಯಿತು. ಒಂದು, ಪ್ರಾಣ ಹೋದರೂ ಜಮೀನು ಕೊಡಲ್ಲ ಅನ್ನೋರು. ಎರಡು, ರೇಟ್ ಜಾಸ್ತಿ ಕೊಟ್ಟರೆ ಕೊಡೋಣ ಅನ್ನೋರು. ಮೂರು, ಟೀ ಕುಡಿದು ಎದ್ದು ಹೋದವರು. ಗೊತ್ತಿರುವವರು ದಯವಿಟ್ಟು ಹೇಳಿ, ಈಗ ಮೊದಲು ಏನು ಮಾಡಬೇಕು?

ಕರಿಕೋಟು

ಮೊದಲು ಆ ಪ್ರಕಟಣೆಯಲ್ಲಿ ಯಾವ ಕಲಂ ಅಂತ ಬರೆದಿದೆ ನೋಡಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತೆ. ನೀವು ಎಷ್ಟನೇ ಮೆಟ್ಟಿಲಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಏನು ಕೇಳಬಹುದು ಅನ್ನೋದು ನಿಂತಿದೆ.

3ಎ ಅಂದರೆ ಜಮೀನು ತೆಗೆದುಕೊಳ್ಳುವ ಉದ್ದೇಶ ಇದೆ ಅಂತ ಸರ್ಕಾರ ಹೇಳುವುದು. ಗೆಜೆಟ್‌ನಲ್ಲಿ ಬರುತ್ತೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಇಲ್ಲಿನ ಭಾಷೆಯದ್ದೇ ಆಗಿರಬೇಕು. ಅಲ್ಲಿಂದ 21 ದಿನದೊಳಗೆ 3ಸಿ ಅಡಿಯಲ್ಲಿ ಲಿಖಿತ ಆಕ್ಷೇಪಣೆ ಕೊಡಬೇಕು. ಕೊಟ್ಟವರನ್ನು ಕರೆದು ಕೇಳಲೇಬೇಕು, ಬೇಕಿದ್ದರೆ ವಕೀಲರ ಮೂಲಕವೂ ಹೇಳಿಸಬಹುದು. ಸಕ್ಷಮ ಪ್ರಾಧಿಕಾರ (ಭೂಸ್ವಾಧೀನಕ್ಕೆ ನೇಮಿಸಿದ ಅಧಿಕಾರಿ) ಅದನ್ನು ಒಪ್ಪಿ ಅಥವಾ ತಳ್ಳಿ ಆದೇಶ ಮಾಡುತ್ತೆ. ಕಾಯ್ದೆ ಪ್ರಕಾರ ಆ ಆದೇಶವೇ ಅಂತಿಮ. ಆಮೇಲೆ 3ಡಿ ಘೋಷಣೆ. ಅದು ಗೆಜೆಟ್‌ನಲ್ಲಿ ಬಂದ ಕ್ಷಣಕ್ಕೆ ಜಮೀನು ಕೇಂದ್ರ ಸರ್ಕಾರದ್ದು. ದುಡ್ಡು ಕೈಗೆ ಬಂದಿರಲಿ ಬಿಡಲಿ, ಒಡೆತನ ಹೋಯಿತು.

ಅದಕ್ಕೇ ಹೇಳುತ್ತಿದ್ದೇನೆ. ಗೆರೆ ಬದಲಿಸಿ ಅಂತ ಕೇಳಲು ಕಾನೂನು ಕೊಟ್ಟಿರುವ ಬಾಗಿಲು ಅಂದರೆ ಆ 21 ದಿನ. 3ಡಿ ಆದಮೇಲೆ ಧರಣಿ ಕೂರೋರು ಬಹಳ ಜನ. ಆಗ ಮಾತು ರೇಟಿನ ಮೇಲೆ ಮಾತ್ರ ನಡೆಯುತ್ತೆ.

ದಿನ ಎಣಿಸುವಾಗ ಗೆಜೆಟ್ ತಾರೀಕನ್ನೂ ಪೇಪರ್ ತಾರೀಕನ್ನೂ ನೋಡಿ. ಯಾವುದು ಮೊದಲೋ ಅಲ್ಲಿಂದ ಎಣಿಸಿ. ತಾರೀಕಿನ ಜಗಳಕ್ಕೆ ಜಾಗ ಕೊಡಬೇಡಿ.

ಬೆಂಗಳೂರಲ್ಲಿರುವ ಮಗ

ನಮ್ಮದೂ ಅದೇ ಪಟ್ಟಿಯಲ್ಲಿದೆ. ಆದರೆ ಪಹಣಿಯಲ್ಲಿ ಇನ್ನೂ ತಾತನ ಹೆಸರು. ತಾತ ತೀರಿಕೊಂಡು ಎಷ್ಟೋ ವರ್ಷ ಆಯಿತು. ನಾವು ಆಕ್ಷೇಪಣೆ ಕೊಡಬಹುದಾ?

ಕರಿಕೋಟು

ಕೊಡಬಹುದು. 'ಜಮೀನಿನಲ್ಲಿ ಹಿತಾಸಕ್ತಿ ಉಳ್ಳ ಯಾರೇ ಆಗಲಿ' ಅನ್ನುತ್ತೆ ಕಾಯ್ದೆ. ವಂಶವೃಕ್ಷ, ಮರಣ ಪ್ರಮಾಣ ಪತ್ರ ಲಗತ್ತಿಸಿ. ಜೊತೆಗೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಇವತ್ತೇ ಅರ್ಜಿ ಹಾಕಿ. ಇದು ರಸ್ತೆ ಬರಲಿ ಬಿಡಲಿ ಆಗಬೇಕಾದ ಕೆಲಸ. ಪರಿಹಾರದ ಹಂತಕ್ಕೆ ಬಂದಾಗ ಅಣ್ಣತಮ್ಮಂದಿರು, ಅತ್ತೆಯಂದಿರು ಎಲ್ಲರ ಸಹಿ ಬೇಕಾಗುತ್ತೆ. ಒಬ್ಬರು ಮುನಿಸಿಕೊಂಡರೆ ದುಡ್ಡು ಕೋರ್ಟಿನಲ್ಲಿ ಕೂರುತ್ತೆ.

ಪೇಟೆ ಬೀದಿ

ನಾನು ಪೇಟೆಯವನು, ಅಂಗಡಿ ಇಟ್ಟುಕೊಂಡಿರುವವನು. ನಮಗೆ ಬೈಪಾಸೇ ಬೇಡ. ಕೆರೆ ಕೆಳಗೂ ಬೇಡ, ದಿಣ್ಣೆ ಮೇಲೂ ಬೇಡ. ಮೈಸೂರು ರಸ್ತೆಯಲ್ಲಿ ಏನಾಯಿತು ನೋಡಿದ್ದೀರಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲ ಊರನ್ನೂ ಬೈಪಾಸ್ ಮಾಡಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಹಳೇ ರಸ್ತೆಯಲ್ಲಿ ಗೊಂಬೆ ಮಾರುತ್ತಿದ್ದವರು, ವಡೆ ಮಾರುತ್ತಿದ್ದವರು, ಹೋಟೆಲಿನವರು ಎಲ್ಲರಿಗೂ ಏಟು ಬಿತ್ತು. ಜಮೀನು ಹೋದವರಿಗೆ ಪರಿಹಾರವಾದರೂ ಉಂಟು. ವ್ಯಾಪಾರ ಹೋದ ನಮಗೆ ಯಾವ ಕಲಂ?

ಸಿವಿಲ್ ಹುಡುಗ

ಬೇಜಾರು ಮಾಡಿಕೊಳ್ಳಬೇಡಿ ಅಣ್ಣ. ಬೈಪಾಸ್ ಬೇಡ ಅಂದರೆ ಇನ್ನೊಂದು ದಾರಿ ಅಂದರೆ ಇದ್ದ ರಸ್ತೆಯನ್ನೇ ಅಗಲ ಮಾಡುವುದು. ಪೇಟೆಯ ಎರಡೂ ಬದಿ ಅಂಗಡಿ ಒಡೆಯಬೇಕು. ಆಗ ನೀವೇ ಮೊದಲು ಬೀದಿಗೆ ಇಳಿಯುತ್ತೀರಿ.

ಪೇಟೆ ಬೀದಿ

ಇಳಿಯುತ್ತೇನೆ. ನನ್ನ ಅಂಗಡಿ ಅಲ್ವಾ?

ಆಚೆ ದಿಣ್ಣೆಯವಳು

ಕೆರೆಕೆಳಗಿನವರೇ, ನೀವು 'ಬಹುಪಾಲು ಖುಷ್ಕಿ' ಅಂತ ಒಂದೇ ಮಾತಲ್ಲಿ ಮುಗಿಸಿದ ದಿಣ್ಣೆ ನಮ್ಮ ಊರು. ಅಲ್ಲಿ ನಮ್ಮ ಮನೆ ಇದೆ. ಕೊಳವೆಬಾವಿ ಕೊರೆಸಿ, ಮೊದಲನೆಯದು ಫೇಲ್ ಆಗಿ, ಎರಡನೆಯದರಲ್ಲಿ ನೀರು ಬಂದು ತೆಂಗು ಹಾಕಿದ್ದೇವೆ. ಪಹಣಿಯಲ್ಲಿ ಖುಷ್ಕಿ ಅಂತ ಇರೋದು ನಿಜ. ನೆಲದ ಮೇಲೆ ಫಸಲು ಬಿಡುತ್ತಿರುವ ತೋಟ ಇದೆ. ಪಕ್ಕದಲ್ಲೇ ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ) ಸಾಗುವಳಿ ಮಾಡುತ್ತಿರುವವರ ಮನೆಗಳು. ಅವರ ಹತ್ತಿರ ಪಹಣಿಯೂ ಇಲ್ಲ. ಗೆರೆ ಅವರ ಮೇಲೆ ಹೋದರೆ ಪಟ್ಟಿಯಲ್ಲಿ 'ಸರ್ಕಾರಿ' ಅಂತ ಬರೆದು ಮುಂದೆ ಹೋಗುತ್ತಾರೆ.

ನಿಮ್ಮ ಕಷ್ಟ ನಮಗೆ ಗೊತ್ತಾಗುತ್ತೆ. ಆದರೆ ನಿಮ್ಮ ಅರ್ಜಿಯಲ್ಲಿ ನಮ್ಮ ಊರಿನ ಕಡೆ ಬೆರಳು ತೋರಿಸಿ ಸಹಿ ಹಾಕಿ ಕೊಟ್ಟರೆ ನಾವು ಅದಕ್ಕೆ ವಿರುದ್ಧ ಅರ್ಜಿ ಕೊಡಬೇಕಾಗುತ್ತೆ. ಅಧಿಕಾರಿಗಳು ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟು, 'ಎಲ್ಲಿ ಹೋದರೂ ವಿರೋಧ ಇದೆ, ಹಾಗಾಗಿ ಮೊದಲಿನ ಗೆರೆಯೇ ಇರಲಿ' ಅಂತ ಬರೆಯುತ್ತಾರೆ.

ಹಳೇ ಭೂಮಾಪಕ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಸರ್ವೆ ಕೆಲಸದಲ್ಲೇ ಜೀವನ ಕಳೆದವನು ನಾನು. 'ಇಲ್ಲಿ ಬೇಡ, ಅಲ್ಲಿ ಹಾಕಿ' ಅನ್ನುವ ಅರ್ಜಿಗೆ ಉತ್ತರ ಬರೆಯುವುದು ಕಚೇರಿಗೆ ಬಹಳ ಸುಲಭ. 'ಇಲ್ಲಿ ಯಾಕೆ ಆಗಲ್ಲ' ಅಂತ ಅಳತೆ ಸಮೇತ ಬರೆದ ಅರ್ಜಿಗೆ ಉತ್ತರ ಬರೆಯುವುದು ಕಷ್ಟ. ಬದಲಿ ಗೆರೆ ಹುಡುಕುವುದು ಅವರ ಕೆಲಸ, ಅದಕ್ಕೇ ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟಿರುತ್ತಾರೆ.

ಒಂದೇ ಅರ್ಜಿಯ ಜೆರಾಕ್ಸ್ ಮಾಡಿಸಿ ಊರವರೆಲ್ಲ ಸಹಿ ಹಾಕಿ ಕೊಡುವುದನ್ನು ಬಿಡಿ. ಹಾಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಎಲ್ಲವನ್ನೂ ತಿರಸ್ಕರಿಸುತ್ತಾರೆ. ಪ್ರತಿ ಸರ್ವೆ ನಂಬರಿಗೂ ಬೇರೆ ಅರ್ಜಿ. ಅದರಲ್ಲಿ ಆ ಜಮೀನಿನ ಸಂಗತಿ ಮಾತ್ರ. ಉದಾಹರಣೆಗೆ ನಿಮ್ಮ 24 ಗುಂಟೆ ತೆಗೆದುಕೊಳ್ಳೋಣ. ಒಟ್ಟು ಎಷ್ಟಿದೆ, ಗೆರೆ ಯಾವ ಮೂಲೆಯಿಂದ ಯಾವ ಮೂಲೆಗೆ ಹೋಗುತ್ತೆ, ಆಚೆ ಕಡೆ ಎಷ್ಟು ಗುಂಟೆ ಉಳಿಯುತ್ತೆ, ಅಲ್ಲಿಗೆ ಹೋಗಲು ಬಂಡಿದಾರಿ ಉಳಿಯುತ್ತಾ, ನೀರು ಯಾವ ಕಡೆಯಿಂದ ಬರುತ್ತೆ, ಬಾವಿ ಯಾವ ಪಾಲಿಗೆ ಸೇರುತ್ತೆ. ಗ್ರಾಮನಕ್ಷೆ ಪ್ರತಿ ಮತ್ತು ನಿಮ್ಮ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ದಾಖಲೆ) ಪ್ರತಿ ತೆಗೆದುಕೊಳ್ಳಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು, ರಸ್ತೆಗೆ ಗುರುತಿನ ಕಲ್ಲು ನೆಟ್ಟ ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರ್ ಅಂತ ತೋರಿಸುತ್ತೆ. ಅದು ಪಕ್ಕಾ ಅಳತೆ ಅಲ್ಲ, ಆದರೆ ಪಟ್ಟಿಯಲ್ಲಿ ಬಿಟ್ಟುಹೋದ ನಂಬರ್, ತಪ್ಪು ಹಿಸ್ಸಾ ಎಲ್ಲ ಕಣ್ಣಿಗೆ ಬೀಳುತ್ತೆ. ಪೋಡಿ ಆಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡದ, ಜಮೀನಿನಲ್ಲಿ ಈ ತಪ್ಪು ತುಂಬಾ ಸಾಮಾನ್ಯ. ಅಣ್ಣನ ಪಾಲು ಹೋಗಬೇಕಾದ ಕಡೆ ತಮ್ಮನ ಹೆಸರು ಇರುತ್ತೆ.

ಬೆಂಗಳೂರಲ್ಲಿರುವ ಮಗ

ಆರ್‌ಟಿಐ ಹಾಕಿ ಡಿಪಿಆರ್ (ಯೋಜನೆಯ ವಿವರವಾದ ವರದಿ) ತರಿಸಿಕೊಳ್ಳೋಣವಾ? ಗೆರೆ ಮೊದಲು ಬೇರೆ ಕಡೆ ಇತ್ತು, ಯಾರೋ ದೊಡ್ಡವರ ಲೇಔಟ್ ಉಳಿಸಲು ತಿರುಗಿಸಿದರು ಅಂತ ಊರಲ್ಲಿ ಮಾತಿದೆ.

ಕರಿಕೋಟು

ಹಾಕಿ. ಆದರೆ ಆರ್‌ಟಿಐ ಉತ್ತರಕ್ಕೆ ಅವರಿಗೆ 30 ದಿನ ಇದೆ, ನಿಮ್ಮ ಆಕ್ಷೇಪಣೆಗೆ ಇರೋದು 21. ಉತ್ತರ ಬಂದಮೇಲೆ ಬರೆಯುತ್ತೇನೆ ಅಂತ ಕೂತರೆ ಕೆಟ್ಟಿರಿ. ಇವತ್ತೇ ಆರ್‌ಟಿಐ ಹಾಕಿ, ಅದರ ಪ್ರತಿಯನ್ನು ಆಕ್ಷೇಪಣೆಗೆ ಸೇರಿಸಿ. 'ಪರ್ಯಾಯ ಮಾರ್ಗಗಳ ಹೋಲಿಕೆ ಕೇಳಿದ್ದೇನೆ, ಅದು ಸಿಕ್ಕಮೇಲೆ ಹೆಚ್ಚುವರಿ ಹೇಳಿಕೆ ಕೊಡಲು ಅವಕಾಶ ಬೇಕು' ಅಂತ ಒಂದು ಸಾಲು ಬರೆಯಿರಿ. ವಿಚಾರಣೆ ಸಾಮಾನ್ಯವಾಗಿ ಆಮೇಲೆಯೇ ನಡೆಯುತ್ತೆ, ಆಗ ಉಪಯೋಗಕ್ಕೆ ಬರುತ್ತೆ. ರಾಜ್ಯದ ಕಚೇರಿಗೆ ಹಾಕುವುದಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಕಥೆ ಬರೆಯಬೇಡಿ.

ದೊಡ್ಡವರ ಲೇಔಟ್ ಮಾತನ್ನು ಅರ್ಜಿಯಲ್ಲಿ ಹಾಕಬೇಡಿ. ಸಾಕ್ಷಿ ಇಲ್ಲದೆ ಬರೆದರೆ ಉಳಿದ ಒಳ್ಳೇ ಅಂಶಗಳೂ ರಾಜಕೀಯ ಅನ್ನಿಸಿಕೊಳ್ಳುತ್ತವೆ.

ಸಿವಿಲ್ ಹುಡುಗ

ರಸ್ತೆ ಡಿಸೈನ್ ಕಂಪನಿಯಲ್ಲಿ ಕೆಲಸ ಮಾಡಿದವನು. ಗೆರೆ ಯಾಕೆ ಯಾವಾಗಲೂ ಗದ್ದೆ ಮೇಲೇ ಬೀಳುತ್ತೆ ಅಂತ ಹೇಳುತ್ತೇನೆ, ಬೈಯಬೇಡಿ.

ಕಾಡಿನಲ್ಲಿ ಹಾಕಿದರೆ ಅರಣ್ಯ ಕಾಯ್ದೆ ಅನುಮತಿ ಬೇಕು, ವರ್ಷಗಟ್ಟಲೆ ಆಗುತ್ತೆ. ಮನೆಗಳ ಮೇಲೆ ಹಾಕಿದರೆ ಕಟ್ಟಡದ ಪರಿಹಾರ, ಗಲಾಟೆ. ದಿಣ್ಣೆ ಮೇಲೆ ಹಾಕಿದರೆ ಬಂಡೆ ಒಡೆಯುವ ಖರ್ಚು. ಉಳಿದಿದ್ದು ಬಯಲು. ಸಮತಟ್ಟು, ಮನೆ ಇಲ್ಲ. ಕಂಪ್ಯೂಟರ್ ಮುಂದೆ ಕೂತವನಿಗೆ ಅಲ್ಲಿ ಏನೂ ಇಲ್ಲ ಅಂತಲೇ ಕಾಣುತ್ತೆ. ಬೇಸಿಗೆಯಲ್ಲಿ ತೆಗೆದ ಉಪಗ್ರಹ ಚಿತ್ರವಾದರೆ ಕಾಲುವೆ ಕೂಡ ಕಾಣಲ್ಲ.

ಇನ್ನೊಂದು ವಿಷಯ. ನೂರು ಕಿಲೋಮೀಟರ್ ವೇಗದ ರಸ್ತೆಗೆ ತಿರುವು ಬಹಳ ನಿಧಾನವಾಗಿ ಬಳುಕಬೇಕು. ನಿಮ್ಮ ಗದ್ದೆ ಒಂದನ್ನು ಬಿಟ್ಟು ಸುತ್ತಿಕೊಂಡು ಹೋಗಿ ಅಂದರೆ ಆಗಲ್ಲ. ಇಲ್ಲಿ 200 ಮೀಟರ್ ಸರಿಸಿದರೆ ಹಿಂದೆ ಮುಂದೆ ಎಷ್ಟೋ ದೂರ ಗೆರೆ ಅಲುಗಾಡುತ್ತೆ. ರಸ್ತೆ ಜಾಗ 60 ಮೀಟರ್ ಅಗಲ ಅಂದುಕೊಂಡರೆ ಪ್ರತಿ ಕಿಲೋಮೀಟರಿಗೆ 6 ಹೆಕ್ಟೇರ್, ಹತ್ತಿರ ಹತ್ತಿರ 15 ಎಕರೆ. ಅಷ್ಟೂ ಬೇರೆ ಯಾರದ್ದೋ ಆಗುತ್ತೆ.

ಆದರೆ ಇಷ್ಟು ಮಾತ್ರ ಗ್ಯಾರಂಟಿ. ಡಿಪಿಆರ್‌ನಲ್ಲಿ ಪರ್ಯಾಯ ಮಾರ್ಗಗಳ ಒಂದು ಕೋಷ್ಟಕ ಇದ್ದೇ ಇರುತ್ತೆ. ಉದ್ದ, ಜಮೀನು, ಮನೆ, ಅರಣ್ಯ, ಸೇತುವೆ, ಖರ್ಚು, ಹೀಗೆ. ಆ ಕೋಷ್ಟಕದಲ್ಲಿ ಅಚ್ಚುಕಟ್ಟು ಅನ್ನುವ ಕಾಲಂ ಇದೆಯಾ ನೋಡಿ. ಬಹಳ ಸಲ ಇರಲ್ಲ. ಅಲ್ಲಿ ಹಿಡಿಯಿರಿ.

ಕೆರೆಕೆಳಗಿನವ

ದಿಣ್ಣೆ ಊರಿನ ಅಕ್ಕಾ, ನಿಮ್ಮ ಮಾತು ಒಪ್ಪಿಕೊಂಡೆ. ಅರ್ಜಿಯಲ್ಲಿ ಯಾವ ಊರ ಹೆಸರೂ ಬರಲ್ಲ.

ಸಿವಿಲ್ ತಮ್ಮಾ, ಮಣ್ಣಿನ ಏರಿ ಬದಲು ಕಂಬದ ಮೇಲೆ ಸೇತುವೆ ಥರ ಮಾಡಿ ಅಂತ ಕೇಳಬಹುದಾ? ಅಚ್ಚುಕಟ್ಟಿನ ಅಷ್ಟು ಭಾಗಕ್ಕೆ ಮಾತ್ರ.

ಸಿವಿಲ್ ಹುಡುಗ

ಕೇಳಬಹುದು. ಖರ್ಚು ಜಾಸ್ತಿ ಅಂತ ತಳ್ಳುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ಎರಡನೇ ಬೇಡಿಕೆಯಾಗಿ ಮೋರಿಗಳ ವಿಷಯ ಬರೆಯಿರಿ. ಎಷ್ಟು ಮೋರಿ ಅನ್ನುವುದಕ್ಕಿಂತ ಯಾವ ಮಟ್ಟದಲ್ಲಿ ಅನ್ನುವುದು ಮುಖ್ಯ. ಬಾಕ್ಸ್ ಮೋರಿಯ ತಳ ಈಗಿರುವ ಕಾಲುವೆ ತಳಕ್ಕಿಂತ ಒಂದಡಿ ಮೇಲೆ ಕೂತರೆ ನಕ್ಷೆಯಲ್ಲಿ ಮೋರಿ ಇರುತ್ತೆ, ನೀರು ಮಾತ್ರ ಹರಿಯಲ್ಲ. ಇತ್ತ ನಿಂತ ನೀರು, ಅತ್ತ ಒಣಗಿದ ಪೈರು. ಮಣ್ಣು ಸುರಿದಮೇಲೆ ಅದನ್ನು ಸರಿಮಾಡಲು ಯಾರೂ ಬರಲ್ಲ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಮೈಸೂರು ಹೆದ್ದಾರಿಯೇ ಮುಳುಗಿದ್ದು ನೆನಪಿದೆಯಾ? ಭಾರಿ ಮಳೆ ಬಿತ್ತು, ಕೆರೆಗಳು ಕೋಡಿ ಹರಿದವು, ನೀರು ರಸ್ತೆಯಲ್ಲಿ ನಿಂತಿತು. ಇದನ್ನು ಅರ್ಜಿಯಲ್ಲಿ ಉದಾಹರಣೆಯಾಗಿ ಕೊಡಿ. ಕೆರೆ ನೀರಿನ ದಾರಿ ಮುಚ್ಚಿದರೆ ರೈತನಿಗೆ ಮಾತ್ರವಲ್ಲ, ರಸ್ತೆಗೂ ಕೇಡು. ಎಂಜಿನಿಯರ್ ಕಿವಿಗೆ ಬೀಳುವುದು ಈ ಎರಡನೇ ಮಾತು.

ಗಡಿಕಲ್ಲು

ಇಷ್ಟೆಲ್ಲ ಯಾಕೆ? ರಾತ್ರಿ ಹೋಗಿ ಕಲ್ಲು ಕಿತ್ತು ಹಾಕಿದರೆ ಆಯಿತು.

ಹಳೇ ಭೂಮಾಪಕ

ತಮ್ಮಾ, ಈಗ ಜಿಪಿಎಸ್ ಅಳತೆ. ಕಲ್ಲು ಕಿತ್ತರೆ ಬೆಳಿಗ್ಗೆ ಅದೇ ಜಾಗದಲ್ಲಿ ಇನ್ನೊಂದು ನೆಡುತ್ತಾರೆ, ನಿನ್ನ ಮೇಲೆ ಕೇಸು ಹಾಕುತ್ತಾರೆ. ಗೆರೆ ಕಲ್ಲಿನಲ್ಲಿಲ್ಲ, ಫೈಲಿನಲ್ಲಿದೆ.

ನಿರ್ವಾಹಕ

ಕಲ್ಲು ಕೀಳುವ, ಸಿಬ್ಬಂದಿಯನ್ನು ಅಡ್ಡಗಟ್ಟುವ ಸಲಹೆ ಇಲ್ಲಿ ಬೇಡ. ಇನ್ನೊಂದು ಸಲ ಬಂದರೆ ಅಳಿಸುತ್ತೇನೆ.

ಹಸಿರು ಹೆಜ್ಜೆ

ಹೋರಾಟದಿಂದ ಏನೂ ಆಗಲ್ಲ ಅಂತ ಅನ್ನಿಸಬಾರದು ಅಂತ ಬರೆಯುತ್ತಿದ್ದೇನೆ. ಬೆಂಗಳೂರಿನ ಸ್ಟೀಲ್ ಫ್ಲೈಓವರ್ ನೆನಪಿಸಿಕೊಳ್ಳಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ, 800ಕ್ಕೂ ಹೆಚ್ಚು ಮರ ಬಲಿಯಾಗಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಮಾಡಿದರು, ಹಸಿರು ನ್ಯಾಯಮಂಡಳಿಗೆ ಹೋದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು.

ಬಂಡೀಪುರ ನೋಡಿ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಎಷ್ಟು ಒತ್ತಡ ಬಂದರೂ ಅದು ಉಳಿದುಕೊಂಡಿದೆ. ಅದಕ್ಕೆ ಒಂದು ಕಾರಣ, ಹುಣಸೂರು, ಗೋಣಿಕೊಪ್ಪ, ಕುಟ್ಟ ಕಡೆಯಿಂದ ಸುತ್ತಿಹೋಗುವ ಬೇರೆ ದಾರಿ ಇದೆ ಅಂತ ತೋರಿಸಲು ಸಾಧ್ಯವಾಗಿದ್ದು.

ಕರಿಕೋಟು

ಎರಡೂ ಒಳ್ಳೇ ಉದಾಹರಣೆ. ಆದರೆ ಒಂದರಲ್ಲಿ ರಾಜಧಾನಿಯ ನಡುವಿನ ರಸ್ತೆ, ಟೀವಿ ಕ್ಯಾಮೆರಾ. ಇನ್ನೊಂದರಲ್ಲಿ ಹುಲಿ. ಕೆರೆ ಕೆಳಗಿನ ಗದ್ದೆಗೆ ಎರಡೂ ಇಲ್ಲ.

ಹಳ್ಳಿಯವರ ಉದಾಹರಣೆ ಬೇಕಾದರೆ ಕಣ್ಣೂರಿನ ಕೀಳಾಟ್ಟೂರು ನೋಡಿ. ಅದೂ ಬೈಪಾಸೇ, ಅದೂ ಭತ್ತದ ಬಯಲೇ. 2017-18ರಲ್ಲಿ 'ವಯಲ್ ಕಿಳಿಗಳ್', ಅಂದರೆ ಗದ್ದೆ ಹಕ್ಕಿಗಳು ಅಂತ ಹೆಸರಿಟ್ಟುಕೊಂಡು ಗದ್ದೆಯಲ್ಲೇ ಚಪ್ಪರ ಹಾಕಿ ಕೂತರು. ಚಪ್ಪರಕ್ಕೆ ಬೆಂಕಿ ಬಿತ್ತು, ದೇಶವೆಲ್ಲ ಸುದ್ದಿ ಆಯಿತು. ಕೊನೆಗೆ ಗೆರೆ ಬದಲಾಗಲಿಲ್ಲ.

ಚೆನ್ನೈ ಸೇಲಂ ಎಂಟು ಪಥದ ರಸ್ತೆ ಇನ್ನೊಂದು. 277 ಕಿಲೋಮೀಟರ್. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಭೂಸ್ವಾಧೀನ ಅಧಿಸೂಚನೆಗಳನ್ನು ರದ್ದು ಮಾಡಿತು, ಊರೂರಲ್ಲಿ ಪಟಾಕಿ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ 3ಎ ಅಧಿಸೂಚನೆಗಳನ್ನು ಎತ್ತಿಹಿಡಿಯಿತು. 3ಎ ಅಂದರೆ ಉದ್ದೇಶ ತಿಳಿಸುವುದು ಅಷ್ಟೇ, ಅದಕ್ಕೆ ಮೊದಲೇ ಪರಿಸರ ಅನುಮತಿ ಬೇಕಿಲ್ಲ ಅಂದಿತು. ಆದ್ದರಿಂದ 'ಪರಿಸರ ಅನುಮತಿ ಇಲ್ಲದೆ ನೋಟಿಸ್ ಕೊಟ್ಟಿದ್ದಾರೆ' ಅನ್ನುವ ಒಂದೇ ಅಂಶ ಹಿಡಿದು ಹೈಕೋರ್ಟಿಗೆ ಓಡಬೇಡಿ. ವಕೀಲನಾಗಿ ನಾನೇ ಹೇಳುತ್ತಿದ್ದೇನೆ, ನನ್ನ ಹೊಟ್ಟೆ ಮೇಲೆ ಕಲ್ಲು ಹಾಕಿಕೊಂಡು.

ಹಸಿರು ಹೆಜ್ಜೆ

ಆದರೂ ಪರಿಸರ ವಿಚಾರಣೆ ಅನ್ನುವುದು ಬೇರೆಯೇ ವೇದಿಕೆ, ಅದನ್ನು ಬಿಡಬಾರದು. ಯೋಜನೆಗೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಅನ್ವಯಿಸಿದರೆ ಸಾರ್ವಜನಿಕ ಆಲಿಕೆ ಮಾಡಬೇಕು. 30 ದಿನ ಮುಂಚೆ ಪ್ರಕಟಣೆ, ವರದಿಯ ಸಾರಾಂಶ ಕನ್ನಡದಲ್ಲಿ, ಸಭೆಯ ವಿಡಿಯೋ. ಅಲ್ಲಿ ಜಮೀನು ಕಳೆದುಕೊಳ್ಳದವರೂ ಮಾತಾಡಬಹುದು. ಪೇಟೆ ಬೀದಿಯವರು, ಕೆರೆಯಲ್ಲಿ ಮೀನು ಹಿಡಿಯುವವರು, ದನ ಮೇಯಿಸುವವರು, ಯಾರು ಬೇಕಾದರೂ. 3ಸಿ ಅರ್ಜಿಯಲ್ಲಿ ಇವರಿಗೆ ಜಾಗ ಇಲ್ಲ. ಎಲ್ಲ ಬೈಪಾಸಿಗೂ ಇದು ಅನ್ವಯಿಸಲ್ಲ, ಹಳೇ ಹೆದ್ದಾರಿಯ ವಿಸ್ತರಣೆ ಅಂತ ತೋರಿಸಿದರೆ ಉದ್ದ, ಅಗಲದ ಲೆಕ್ಕದಲ್ಲಿ ತಪ್ಪಿಹೋಗುತ್ತೆ. ನಿಮ್ಮದು ಯಾವುದು ಅಂತ ಪರಿಸರ ಅನುಮತಿಗಳ ಸರ್ಕಾರಿ ಜಾಲತಾಣ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ.

ಬೆಂಗಳೂರಲ್ಲಿರುವ ಮಗ

ಮನೆಯಲ್ಲಿ ಅಪ್ಪ ಹೇಳುತ್ತಿರೋದು ಬೇರೆ. 'ಗೆರೆ ಬದಲಾಗಲ್ಲ, ಸುಮ್ನೆ ಆಕ್ಷೇಪಣೆ ಹಾಕಿ ಅಧಿಕಾರಿಗಳ ಕೆಂಗಣ್ಣಿಗೆ ಗುರಿಯಾದರೆ ಪರಿಹಾರ ಕಮ್ಮಿ ಮಾಡುತ್ತಾರೆ' ಅಂತ. ಹೌದಾ?

ಕರಿಕೋಟು

ಹಾಗೆ ಮಾಡಲು ಬರಲ್ಲ. ಪರಿಹಾರದ ಲೆಕ್ಕ ಕಾನೂನಿನಲ್ಲಿದೆ. ರಸ್ತೆಗೆ ಜಮೀನು ತೆಗೆಯುವುದು 1956ರ ಕಾಯ್ದೆಯಲ್ಲಿ, ಆದರೆ 2015ರಿಂದ ದುಡ್ಡಿನ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯಂತೆ. ಮಾರುಕಟ್ಟೆ ಬೆಲೆ ಹಿಡಿದು, ಹಳ್ಳಿ ಕಡೆ ಅದನ್ನು 1ರಿಂದ 2ರೊಳಗಿನ ಒಂದು ಗುಣಕದಿಂದ ಗುಣಿಸಬೇಕು. ಅದಕ್ಕೆ ಮರ, ಬಾವಿ, ಪೈಪ್‌ಲೈನ್, ಮನೆ ಬೆಲೆ ಸೇರಿಸಬೇಕು. ಒಟ್ಟು ಮೊತ್ತಕ್ಕೆ ಇನ್ನೂ ಅಷ್ಟೇ ಸಾಂತ್ವನಧನ, ಅಂದರೆ ಇಷ್ಟವಿಲ್ಲದೆ ಜಮೀನು ಬಿಡುವುದಕ್ಕೆ ಕೊಡುವ ಹೆಚ್ಚುವರಿ ದುಡ್ಡು. ಉದಾಹರಣೆಗೆ ಮಾರುಕಟ್ಟೆ ಬೆಲೆ 10 ಲಕ್ಷ, ಗುಣಕ 2 ಅಂದರೆ 20. ಮರ, ಬಾವಿ 3 ಲಕ್ಷ ಸೇರಿ 23. ಸಾಂತ್ವನಧನ ಸೇರಿ 46 ಲಕ್ಷ. ಜೊತೆಗೆ ಮಾರುಕಟ್ಟೆ ಬೆಲೆ ಮೇಲೆ ವರ್ಷಕ್ಕೆ ಶೇ. 12ರ ಲೆಕ್ಕವೂ ಇದೆ.

ನಿಜವಾದ ಪೆಟ್ಟು ಬೀಳುವುದು ಆ 'ಮಾರುಕಟ್ಟೆ ಬೆಲೆ' ಅನ್ನುವಲ್ಲಿ. ಅದಕ್ಕೆ ಹಿಂದಿನ ಮೂರು ವರ್ಷದ ನೋಂದಾಯಿತ ಕ್ರಯಪತ್ರಗಳನ್ನು ನೋಡುತ್ತಾರೆ. ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ, ಇಲ್ಲವೇ ಮಾರ್ಗಸೂಚಿ ದರ (ಗೈಡೆನ್ಸ್ ವ್ಯಾಲ್ಯೂ), ಯಾವುದು ಜಾಸ್ತಿಯೋ ಅದು. ಈಗ ನೆನಪು ಮಾಡಿಕೊಳ್ಳಿ. ನಿಮ್ಮ ಊರಲ್ಲಿ ಜಮೀನು ಮಾರಿದವರು ಎಷ್ಟಕ್ಕೆ ಮಾರಿದರು, ಎಷ್ಟು ಅಂತ ರಿಜಿಸ್ಟರ್ ಮಾಡಿಸಿದರು? ಮುದ್ರಾಂಕ ಶುಲ್ಕ ಉಳಿಸಲು ಎಲ್ಲರೂ ಗೈಡೆನ್ಸ್ ವ್ಯಾಲ್ಯೂಗೇ ಬರೆಸಿದ್ದಾರೆ, ಉಳಿದಿದ್ದು ಕೈಯಿಂದ ಕೈಗೆ. ಆ ಕಾಗದವೇ ಈಗ ನಿಮ್ಮ ಎದುರು ನಿಲ್ಲುತ್ತೆ.

ಅಪ್ಪನಿಗೆ ಇದನ್ನು ಹೇಳಿ. ಆಕ್ಷೇಪಣೆಗೂ ಪರಿಹಾರಕ್ಕೂ ಸಂಬಂಧ ಇಲ್ಲ. ಮೊತ್ತ ಒಪ್ಪಿಗೆ ಆಗದಿದ್ದರೆ 3ಜಿ(5) ಅಡಿ ಮಧ್ಯಸ್ಥಗಾರರ ಹತ್ತಿರ ಹೋಗಬಹುದು, ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳೇ ಆ ಜಾಗದಲ್ಲಿ ಇರುತ್ತಾರೆ. ಜಮೀನು ಎರಡು ತುಂಡಾಗಿ ಉಳಿದದ್ದು ಕೆಲಸಕ್ಕೆ ಬಾರದಂತೆ ಆದರೆ ಆ ನಷ್ಟವನ್ನೂ 3ಜಿ(7) ಪ್ರಕಾರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದನ್ನು ಕೇಳುವವರೇ ಕಮ್ಮಿ.

ಆಚೆ ದಿಣ್ಣೆಯವಳು

ಪಹಣಿಯಲ್ಲಿ ಖುಷ್ಕಿ ಅಂತಿದ್ದು ನೆಲದಲ್ಲಿ ತೋಟ ಇದ್ದರೆ?

ಹಳೇ ಭೂಮಾಪಕ

ಜಂಟಿ ಅಳತೆಗೆ ಬರುತ್ತಾರಲ್ಲ ಅಕ್ಕ, ಅವತ್ತು ಮನೆಯಲ್ಲಿ ಯಾರಾದರೂ ಇರಲೇಬೇಕು. ಮರ ಎಣಿಸುವಾಗ ಜೊತೆಗೆ ನಡೆಯಿರಿ. ಎಷ್ಟು ಮರ, ಎಷ್ಟು ವರ್ಷದ್ದು, ಫಸಲು ಬಿಡುತ್ತಿದೆಯೋ ಇಲ್ಲವೋ, ಕೊಳವೆಬಾವಿ, ಭೂಮಿಯೊಳಗಿನ ಪೈಪು, ಎಲ್ಲ ಮಹಜರಿನಲ್ಲಿ ಬರೆಸಿ. ಓದದೆ ಸಹಿ ಹಾಕಬೇಡಿ. ತಪ್ಪಿದ್ದರೆ ಸಹಿ ಮೇಲೆಯೇ 'ಒಪ್ಪಿಲ್ಲ' ಅಂತ ಕಾರಣ ಬರೆದು ಸಹಿ ಹಾಕಿ. ಕರೆಂಟ್ ಬಿಲ್, ಕೊಳವೆಬಾವಿ ರಸೀದಿ ಹುಡುಕಿಡಿ. ಪಹಣಿಯ ಬೆಳೆ ಕಾಲಂ ಸರಿಮಾಡಿಸಲು ಇವತ್ತೇ ಅರ್ಜಿ ಕೊಡಿ, ಗೆರೆ ನಿಮ್ಮ ಕಡೆ ಬರದಿದ್ದರೂ ಕೊಡಿ.

ಪೇಟೆ ಬೀದಿ

ನೀವೆಲ್ಲ ಜಮೀನಿನ ಮಾತಲ್ಲೇ ಇದ್ದೀರಿ. ನನ್ನದು ಇನ್ನೂ ಹಾಗೇ ಇದೆ.

ಸಿವಿಲ್ ಹುಡುಗ

ಅಣ್ಣ, ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಇದೆ. ಬೈಪಾಸ್ ಪೇಟೆಗೆ ಎಲ್ಲಿ ಸೇರುತ್ತೆ, ಎಲ್ಲಿ ಬಿಡುತ್ತೆ ಅನ್ನೋದನ್ನು ಕೇಳಿ. ಇಳಿಯುವ ದಾರಿ ಇಲ್ಲದ ಕಡೆ ಗಿರಾಕಿ ಬರಬೇಕು ಅಂದುಕೊಂಡರೂ ಬರಲಾಗಲ್ಲ. ಮೈಸೂರು ಹೆದ್ದಾರಿಯಲ್ಲೂ ದೊಡ್ಡ ಗಲಾಟೆ ಆಗಿದ್ದು ಇಳಿಯುವ, ಹತ್ತುವ ಜಾಗಗಳ ಬಗ್ಗೆಯೇ. ಸರ್ವಿಸ್ ರಸ್ತೆ ಎರಡೂ ಬದಿ ಪೂರ್ತಿ ಇರುತ್ತಾ ಅಂತಲೂ ಕೇಳಿ. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ನಾಳೆ ಇಲ್ಲೂ ಹಾಗೇ ಆದರೆ ಸಂತೆಗೆ ಬರುವ ಹಳ್ಳಿಯವರು ಯಾವ ದಾರಿಯಲ್ಲಿ ಬರಬೇಕು? ಸಂತೆ ಇಲ್ಲದಿದ್ದರೆ ಲಾರಿ ಗಿರಾಕಿಗಿಂತ ದೊಡ್ಡ ಪೆಟ್ಟು ನಿಮಗೆ.

ಪೇಟೆ ಬೀದಿ

ಇದು ಹೊಳೆದಿರಲಿಲ್ಲ. ವರ್ತಕರ ಸಂಘದಲ್ಲಿ ಇಡುತ್ತೇನೆ. ಆದರೂ ಬೈಪಾಸ್ ಬೇಡ ಅನ್ನೋದು ನನ್ನ ಮಾತು.

ಗಡಿಕಲ್ಲು

ನಮ್ಮ ಜಮೀನು ಕೊಟ್ಟು ಮಾಡಿದ ರಸ್ತೆಗೆ ನಮ್ಮ ಟ್ರ್ಯಾಕ್ಟರ್ ಹತ್ತೋ ಹಾಗಿಲ್ಲ. ಚೆನ್ನಾಗಿದೆ.

ಹಸಿರು ಹೆಜ್ಜೆ

ಎಳೆದಾಡುತ್ತಾ ಹೋದರೂ ಅಪಾಯ ಇದೆ ಅಂತ ಒಂದು ಮಾತು ಹೇಳಬೇಕು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್‌ಗೆ 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಆಗಿತ್ತು. ಸರ್ಕಾರಗಳು ಬದಲಾದವು, ರಸ್ತೆಯ ಹೆಸರೂ ಬದಲಾಯಿತು. ರೈತರು ಮಾತ್ರ ಅಷ್ಟು ವರ್ಷ ಜಮೀನು ಮಾರಲೂ ಆಗದೆ, ಮನೆ ಕಟ್ಟಲೂ ಆಗದೆ, 2013ರ ಕಾಯ್ದೆ ಪ್ರಕಾರ ದುಡ್ಡು ಕೊಡಿ ಅಂತ ಕೇಳುತ್ತಲೇ ಇದ್ದರು.

ಕರಿಕೋಟು

ಅದು ಬೇರೆ ಕಾಯ್ದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 3ಎ ಆಗಿ ಒಂದು ವರ್ಷದೊಳಗೆ 3ಡಿ ಆಗದಿದ್ದರೆ 3ಎ ತಾನಾಗಿ ಬಿದ್ದುಹೋಗುತ್ತೆ. ಕೋರ್ಟ್ ತಡೆ ಇದ್ದ ಅವಧಿಯನ್ನು ಮಾತ್ರ ಲೆಕ್ಕದಿಂದ ಬಿಡುತ್ತಾರೆ. ಬಿದ್ದುಹೋದರೂ ಹೊಸದಾಗಿ 3ಎ ಹೊರಡಿಸಬಹುದು, ಅದು ಬೇರೆ ವಿಷಯ. ಆದರೆ ಹೊಸ 3ಎ ಅಂದರೆ ಮತ್ತೆ 21 ದಿನ ನಿಮಗೆ.

ಕೆರೆಕೆಳಗಿನವ

ಇವತ್ತು ಊರಲ್ಲಿ ಮತ್ತೆ ಕೂತಿದ್ದೆವು. ಈ ಸಲ ಟೀ ಕುಡಿದು ಹೋದವರೂ ಪಹಣಿ ತಂದಿದ್ದರು. ಪಟ್ಟಿ ನೋಡುತ್ತಾ ಹೋದರೆ ಮೂರು ಸರ್ವೆ ನಂಬರಿನಲ್ಲಿ ಹಿಸ್ಸಾ ತಪ್ಪಿದೆ. ಸ್ಮಶಾನದ ಜಾಗ ಖಾಸಗಿಯವರ ಹೆಸರಲ್ಲಿದೆ. ಕೋಡಿ ಹಳ್ಳ ಪಟ್ಟಿಯಲ್ಲೇ ಇಲ್ಲ. ಅಷ್ಟು ದೊಡ್ಡ ಹಳ್ಳ!

ದಿಣ್ಣೆ ಊರಿನ ಅಕ್ಕನ ಯಜಮಾನರೂ ಬಂದಿದ್ದರು. ಕೆರೆಗೆ ನೀರು ಬರುವ ರಾಜಕಾಲುವೆ ಅವರ ಊರಿನ ಪಕ್ಕದಿಂದಲೇ ಬರುತ್ತೆ, ಆದ್ದರಿಂದ ಕಾಲುವೆ ವಿಷಯದ ಅರ್ಜಿಗೆ ಎರಡೂ ಊರಿನವರು ಸಹಿ ಹಾಕುತ್ತೇವೆ. ಜಮೀನಿನ ಅರ್ಜಿಗಳು ಬೇರೆ ಬೇರೆ. ಪ್ರಾಣ ಹೋದರೂ ಕೊಡಲ್ಲ ಅನ್ನೋರು ಈಗಲೂ ಹಾಗೇ ಅನ್ನುತ್ತಿದ್ದಾರೆ, ಆದರೆ ಅವರೂ ಅರ್ಜಿ ಬರೆಸಿದರು.

ಭೂಮಾಪಕ ಯಜಮಾನರೇ, ಕಾಲುವೆ ತಳದ ಮಟ್ಟ ಅಳೆಯೋದು ಹೇಗೆ? ಖಾಸಗಿ ಸರ್ವೇಯರ್ ಕರೆಸಬೇಕಾ?

ಹಳೇ ಭೂಮಾಪಕ

ಲೈಸೆನ್ಸ್ ಇರುವ ಸರ್ವೇಯರನ್ನೇ ಕರೆಸಿ, ಕಚೇರಿಯಲ್ಲಿ ಅದಕ್ಕೆ ಬೆಲೆ. ತೂಬಿನ ಬಾಯಿ, ಗೆರೆ ದಾಟುವ ಜಾಗ, ಆಚೆ ಕಡೆಯ ಮೊದಲ ಗದ್ದೆ, ಕೊನೆಯ ಗದ್ದೆ, ಇಷ್ಟು ಕಡೆ ಮಟ್ಟ ತೆಗೆಸಿದರೆ ಸದ್ಯಕ್ಕೆ ಸಾಕು. ಹೂಳು ತುಂಬಿದ್ದರೆ ಹೂಳಿನ ಮೇಲೆ ಕೋಲು ಇಡಬೇಡಿ, ಗಟ್ಟಿ ತಳ ಸಿಗುವವರೆಗೆ ತೋಡಿ. ಇಲ್ಲದಿದ್ದರೆ ಮೋರಿ ಆ ಎತ್ತರಕ್ಕೇ ಕೂರುತ್ತೆ.

ಅರ್ಜಿಯನ್ನು ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಸೀಲು, ತಾರೀಕು, ಸಹಿ ಹಾಕಿಸಿಕೊಂಡೇ ಬನ್ನಿ. 'ಸಾಹೇಬರು ಇಲ್ಲ, ನಾಳೆ ಬನ್ನಿ' ಅಂದರೆ ಅವತ್ತೇ ಪೋಸ್ಟಾಫೀಸಿಗೆ ಹೋಗಿ ರಸೀದಿ ಸಿಗುವ ಹಾಗೆ ಕಳಿಸಿ. ಶನಿವಾರ, ಭಾನುವಾರ, ರಜೆ ನೋಡಿಕೊಳ್ಳಿ. ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ.